ಡಿಕಿನ್ಸನ್, ಜಾನ್ (1732–1808)

ಅಮೆರಿಕದ ಕ್ರಾಂತಿಕಾಲದ ವಕೀಲ, ರಾಜನೀತಿಜ್ಞ. ಹುಟ್ಟಿದ್ದು ಮೇರಿಲ್ಯಾಂಡಿನಲ್ಲಿ. ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಕಲಿತು ಫಿಲಡೆಲ್ಫಿಯದಲ್ಲಿ ವಕೀಲಿ ನಡೆಸಿದ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಲಿಲ್ಲವೆಂಬ ಕಾರಣಕ್ಕೆ ಈತನನ್ನು ಅಂಜುಬುರುಕನೆಂದು ಬದಿಗೆ ಸರಿಸುವುದುಂಟು. ದಾಖಲೆಗಳು ಅದಕ್ಕೆ ಒಪ್ಪುವುದಿಲ್ಲ. 1767–68ರಲ್ಲಿ ಪತ್ರಿಕೆಗಳಲ್ಲಿ ಬಂದ 'ಪೆನ್ಸಿಲ್ವೇನಿಯದ ರೈತನ ಪತ್ರಗಳು' ಎಂಬ 12 ಬರಹಗಳಲ್ಲಿ (ರೈತನೆಂಬುದು ಬರಿಯ ವೇಷ, ಆತ ಸಿರಿವಂತ ವಕೀಲ) ವ್ಯಾಪಾರವನ್ನು ನಿಯಂತ್ರಿಸುವ ಸುಂಕ ಬೇರೆ, ಬೊಕ್ಕಸ ತುಂಬಿಸಲು ಹೇರುವ ತೆರಿಗೆ ಬೇರೆ, ಎರಡನೆಯದನ್ನು ವಸಾಹತುಗಳ ಮೇಲೆ ಹೇರಲು ಬ್ರಿಟಿಷ್ ಪಾರ್ಲಿಮೆಂಟಿಗೆ ಹಕ್ಕಿಲ್ಲವೆಂದು ವಾದಿಸಿ ಪ್ರತಿಭಟನೆಗೆ ಕಾನೂನಿನ ಬುನಾದಿ ಒದಗಿಸಿದವನು ಈತನೇ.

ಹಾಗಿದ್ದರೆ 1776ರಲ್ಲಿ ಹಿಂಜರಿದದ್ದೇಕೆ? ವಿದೇಶಗಳ ಮೈತ್ರಿ, ರಾಜ್ಯಗಳ ನಡುವಣ ಒಕ್ಕೂಟದ ಕರಾರು ಕುದುರುವ ಮೊದಲೇ ಘೋಷಣೆ ಹೊರಡಿಸುವುದು ದುಡುಕೆಂಬುದು ಆತನ ನಿಲುವು. ಆದರೆ ಸ್ವಾತಂತ್ರ್ಯದ ಕುರಿತ ಜುಲೈ 2ರ ಮತದಾನಕ್ಕೆ ಆತನೂ ಸಹಪ್ರತಿನಿಧಿ ರಾಬರ್ಟ್ ಮಾರಿಸ್‌ನೂ ಗೈರಾದದ್ದರಿಂದಲೇ ಪೆನ್ಸಿಲ್ವೇನಿಯದ ನಿಯೋಗ 3–2ರಿಂದ ಸ್ವಾತಂತ್ರ್ಯದ ಪರ ನಿಂತಿತು. ಹಟ ಹಿಡಿದು ಕೂತಿದ್ದರೆ ತಡೆಯಬಹುದಿತ್ತು, ತಡೆಯಲಿಲ್ಲ; ಬೆನ್ನಲ್ಲೇ ನಾಗರಿಕ ಸೇನಾದಳದೊಡನೆ ನ್ಯೂಜೆರ್ಸಿಗೆ ಹೊರಟ. ಕೆಲವೇ ತಿಂಗಳಲ್ಲಿ ಸೇನಾಧಿಕಾರ ಬಿಟ್ಟದ್ದು ನಿಜ. ಆದರೂ ಒಕ್ಕೂಟದ ಕರಾರಿನ ಮೊದಲ ಕರಡು ಆತನದೇ. 1787ರ ಸಂವಿಧಾನ ಸಭೆಯಲ್ಲಿ ಡೆಲವೇರ್ ಪ್ರತಿನಿಧಿಯೂ ಆಗಿದ್ದ. ಅಂಜುಬುರುಕನೆಂಬ ಆರೋಪಕ್ಕಿಂತ ಗಟ್ಟಿಯಾದ ಆಕ್ಷೇಪ ಆತನ ಗುಲಾಮರ ಒಡೆತನದ್ದು. 1777ರಲ್ಲಿ ಷರತ್ತು ಹಾಕಿ ಬಿಡುಗಡೆ ಬರೆದುಕೊಟ್ಟವನು ಬೇಷರತ್ ಬಿಡುಗಡೆಗೆ 1786ರವರೆಗೆ ಕಾದ. ಈ ವಿಳಂಬಕ್ಕೆ ಸಮರ್ಥನೆಯಿಲ್ಲ. 1808ರ ಫೆಬ್ರವರಿ 14ರಂದು ವಿಲ್ಮಿಂಗ್ಟನ್‌ನಲ್ಲಿ ತೀರಿಕೊಂಡ.