ಹಕ್ಕಿಯ ಹೆಸರಿನಲ್ಲಿ ಉಳಿದ ಮುತ್ತು

ಗದಗ ಸೀಮೆಯವರಿಗೆ ವೀರಗಲ್ಲು ಹೊಸದಲ್ಲ. ಊರಿನ ದನಗಳನ್ನು ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರನ್ನೂ ನಮ್ಮ ಹಿರಿಯರು ಕಲ್ಲಿನಲ್ಲಿ ಬರೆಸಿದರು. ಅಂಥ ಒಂದು ಹೆಸರು ಪುಟ್ಟ ಹಕ್ಕಿಯೊಂದಕ್ಕೂ ಅಂಟಿಕೊಂಡಿದೆ.

ಅದು ಕಪ್ಪತಗುಡ್ಡದ ಒಣಕಾಡಿನ ಹಕ್ಕಿಯಲ್ಲ. ಈಶಾನ್ಯ ಭಾರತ, ಮ್ಯಾನ್ಮಾರ್, ದಕ್ಷಿಣ ಚೀನಗಳ ಕಡೆ ಮರಿಮಾಡಿ, ಚಳಿಗಾಲಕ್ಕೆ ನಮ್ಮ ಪಶ್ಚಿಮಘಟ್ಟದ ದಟ್ಟ ಕಾಡಿಗೂ ಶ್ರೀಲಂಕೆಗೂ ಬರುವ ಕಂದು ಎದೆಯ ನೊಣಹಿಡುಕ. ಗುಬ್ಬಿಗಿಂತ ತುಸು ಚಿಕ್ಕದು. ಕಣ್ಣಿನ ಸುತ್ತ ಬಿಳಿ ಉಂಗುರ, ಮಾಸಲು ಬಣ್ಣದ ಕಾಲು. ನೆರಳಲ್ಲಿ ಸದ್ದಿಲ್ಲದೆ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ.

ವಿಜ್ಞಾನದಲ್ಲಿ ಇದರ ಹೆಸರು ಮಸ್ಸಿಕಾಪಾ ಮುತ್ತುಯಿ. ಯಾರು ಈ ಮುತ್ತು?

ಸಿಲೋನಿನಲ್ಲಿ ಬ್ರಿಟಿಷ್ ಸರಕಾರದ ಅಧಿಕಾರಿಯಾಗಿದ್ದ ಎಡ್ಗರ್ ಲೇಯರ್ಡ್ 1854ರಲ್ಲಿ ಈ ಹಕ್ಕಿಯನ್ನು ಮೊದಲ ಬಾರಿಗೆ ವರ್ಣಿಸಿದ. ಮುತ್ತು ಅವನ ಮನೆಯ ಸೇವಕ. ಹಕ್ಕಿಗಳನ್ನು ಹುಡುಕಿ ತಂದುಕೊಡುತ್ತಿದ್ದವನು. ತನ್ನ ಸಂಗ್ರಹದ ಒಳ್ಳೆಯ ಹಕ್ಕಿಗಳಲ್ಲಿ ಬಹಳಷ್ಟು ಅವನ ತಾಳ್ಮೆಯಿಂದ ಸಿಕ್ಕವು ಎಂದು ಒಪ್ಪಿಕೊಂಡ ಲೇಯರ್ಡ್, ಹಕ್ಕಿಗೆ ಅವನ ಹೆಸರನ್ನೇ ಇಟ್ಟ.

ಆ ಕಾಲಕ್ಕೆ ಇದು ಅಪರೂಪ. ಜರ್ಡಾನ್, ಬ್ಲೈತ್, ಹ್ಯೂಮ್ ಹೀಗೆ ಸಾಹೇಬರ ಹೆಸರು ಹೊತ್ತ ಹಕ್ಕಿಗಳು ಹಲವು. ಅವರಿಗಾಗಿ ಕಾಡು ಅಲೆದ ಸ್ಥಳೀಯರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆದರೂ ಲೆಕ್ಕ ಸರಿಹೋಗಿಲ್ಲ. ಎಷ್ಟೋ ವೀರಗಲ್ಲುಗಳು ಸತ್ತವನ ಊರನ್ನೂ ತಂದೆಯ ಹೆಸರನ್ನೂ ಹೇಳುತ್ತವೆ. ಹಕ್ಕಿಯ ಹೆಸರಿನಲ್ಲಿ ಇರುವುದು ‘ಮುತ್ತು’ ಅಷ್ಟೇ. ಈ ಚಳಿಗಾಲ ಘಟ್ಟದ ಕಡೆ ಹೋದರೆ ಆ ಕಂದು ಹಕ್ಕಿಯನ್ನು ಹುಡುಕಿ. ಕಂಡರೆ ಜೊತೆಗಿದ್ದವರಿಗೆ ಮುತ್ತುವಿನ ಕತೆಯನ್ನೂ ಹೇಳಿ.