ನೀಲಿ ಗೆರೆ

ಅಂಚೆ ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರಲ್ಲಿ, ನೀಲಿ ಬಣ್ಣದ ಇನ್‌ಲ್ಯಾಂಡ್ ಪತ್ರ 1950ರಲ್ಲಿ. ಕಾರ್ಡನ್ನು ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಮನೆಯ ಹಿರಿಯರವರೆಗೆ ಯಾರು ಬೇಕಾದರೂ ಓದಬಹುದಿತ್ತು. ಮಡಿಸಿ ಅಂಟು ಹಚ್ಚಿದ ಇನ್‌ಲ್ಯಾಂಡ್ ಹಾಗಲ್ಲ. ಅತ್ತೆಯ ಮಾತು, ಗಂಡನ ಸಿಟ್ಟು, ಕೈಯಲ್ಲಿ ಕಾಸಿಲ್ಲದ ಸಂಕಟ, ಎಲ್ಲವನ್ನೂ ಗೆಳತಿಗೆ ಬರೆಯಲು ನಮಗೊಂದು ಮರೆ ಸಿಕ್ಕಿದ್ದು ಆ ಮಡಿಕೆಯೊಳಗೆ. ಚರಿತ್ರೆಯ ಪಾಠಗಳಲ್ಲಿ ಇದು ಬರುವುದಿಲ್ಲ ಬಿಡಿ.

1993ರಲ್ಲಿ ಬಿ.ಎಡ್. ಮುಗಿಸಿ, ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ನಾವು ಮೂವರು ಮೂರು ಊರು ಸೇರಿದೆವು. ಪತ್ರಕ್ಕೆ ಉತ್ತರ ಹದಿನೈದು ದಿನಕ್ಕೆ ಬರಲಿ, ಎರಡು ತಿಂಗಳಿಗೆ ಬರಲಿ, ಯಾರಿಗೂ ಬೇಸರವಿಲ್ಲ. ಪತ್ರ ತಲುಪಿತೋ ಇಲ್ಲವೋ, ಮಗುವಿಗೆ ಜ್ವರವೋ, ಉತ್ತರಪತ್ರಿಕೆಗಳ ಕಟ್ಟು ಬಂದು ಕೂತಿದೆಯೋ ಎಂದು ಅವಳ ಪರವಾಗಿ ನಾವೇ ಕಾರಣ ಹುಡುಕಿಕೊಳ್ಳುತ್ತಿದ್ದೆವು.

ಆಮೇಲೆ ಎಸ್.ಟಿ.ಡಿ. ಬೂತಿನಲ್ಲಿ ಮೀಟರಿನ ಮೇಲೆ ಕಣ್ಣಿಟ್ಟು ಮಾತಾಡಿದ ವರ್ಷಗಳು. 2004ರಲ್ಲಿ ಬಂದು 2014ರಲ್ಲಿ ಮುಚ್ಚಿದ ಆರ್ಕುಟ್ ಕಿರಿಯರ ಪಾಲಾಯಿತು. ನಮ್ಮ ಕೈಗೆ ಬಂದದ್ದು 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್. ಅದನ್ನು ಸುಮ್ಮನೆ ಬಯ್ಯುವವಳು ನಾನಲ್ಲ. ವಿಳಾಸವೇ ಕಳೆದುಹೋಗಿದ್ದ ನಲವತ್ತು ಗೆಳತಿಯರು ಒಂದೇ ವಾರದಲ್ಲಿ ಸಿಕ್ಕಾಗ ಕಣ್ಣಲ್ಲಿ ನೀರು ಬಂದಿತ್ತು.

2014ರ ನವೆಂಬರಿನಲ್ಲಿ ಅದಕ್ಕೆ ನೀಲಿ ಗೆರೆಗಳು ಬಂದವು. ಕಳಿಸಿದ್ದನ್ನು ಓದಿದ ಕೂಡಲೇ ಎರಡು ಗೆರೆ ನೀಲಿಯಾಗುತ್ತವೆ. ಗುಂಪಿನಲ್ಲಾದರೆ ಯಾರು ಯಾರು ಓದಿದರೆಂಬ ಪಟ್ಟಿಯೂ ಸಿಗುತ್ತದೆ. 2017ರಲ್ಲಿ ನಮ್ಮ ಮೂವರಲ್ಲೊಬ್ಬಳು ಮಗಳ ನಿಶ್ಚಿತಾರ್ಥದ ಸುದ್ದಿಯನ್ನು ಗುಂಪಿಗೆ ಹಾಕಿದಳು. ಶುಭಾಶಯಗಳ ಸುರಿಮಳೆ. ಇನ್ನೊಬ್ಬಳು ಓದಿಯೂ ಸುಮ್ಮನಿದ್ದಳು. ಅವಳ ಗಂಡನ ವ್ಯಾಪಾರ ಮುಳುಗಿ, ಮನೆ ಸಾಲಕ್ಕೆ ಹೋಗುವ ವಾರವದು. ನಲವತ್ತು ಜನರೆದುರು ಅದನ್ನು ಹೇಗೆ ಬರೆದಾಳು? ಗುಂಪೆಂದರೆ ಮತ್ತೆ ಆ ತೆರೆದ ಕಾರ್ಡೇ ಅಲ್ಲವೆ? "ಓದಿದ್ದಾಳೆ, ಒಂದು ಮಾತೂ ಇಲ್ಲ. ಹೊಟ್ಟೆಕಿಚ್ಚು ಕಣೇ" ಎಂದು ಮೊದಲಿನವಳು ನನಗೆ ಫೋನ್ ಮಾಡಿದಳು. ಏನೋ ತೊಂದರೆಯಿರಬೇಕು ಎಂದೆ. "ಪಟ್ಟಿ ನೋಡು ಬೇಕಾದರೆ" ಎಂದಳು. ಅವಳೂ ಒಂದು ಕಾಲಕ್ಕೆ ಎರಡು ತಿಂಗಳು ಪತ್ರಕ್ಕೆ ಕಾದವಳೇ.

ಮದುವೆಗೆ ಇವಳನ್ನು ಬಾಯಿಮಾತಿನಲ್ಲಿ ಕರೆಯಲಿಲ್ಲ. ಲಗ್ನಪತ್ರಿಕೆಯ ಚಿತ್ರ ಗುಂಪಿಗೆ ಬಂತು, ಅಷ್ಟೆ. ಇವಳು ಹೋಗಲಿಲ್ಲ. ಸಾಲದ ವಿಷಯ ನನಗೆ ಹೇಳಿದ್ದು ಮದುವೆ ಮುಗಿದ ಮೇಲೆ, ಅದೂ ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡು. ಮನೆ ಉಳಿಯಿತು, ಈಗ ನೀನು ಬರೆದರೂ ಚಿಂತೆಯಿಲ್ಲ ಎಂದಿದ್ದಾಳೆ.

ಇಬ್ಬರೂ ಫೋನ್ ಮಾಡಿದಾಗಲೆಲ್ಲ, ಇಡುವ ಮೊದಲು, ಮತ್ತೊಬ್ಬಳು ಹೇಗಿದ್ದಾಳೆಂದು ನನ್ನನ್ನು ಕೇಳುತ್ತಾರೆ. ಗುಂಪಿನಲ್ಲಿ ದಿನಾ ಬೆಳಿಗ್ಗೆ ಇಬ್ಬರೂ ಹೂವಿನ ಚಿತ್ರ ಹಾಕುತ್ತಾರೆ.