ರಾಣಿಪುರದ ಗಿರಿವನ

ಕೊಡಗಿನ ತಲಕಾವೇರಿಯ ಅರಣ್ಯವು ಪಶ್ಚಿಮಾಭಿಮುಖವಾಗಿ ಕೇರಳದ ಕಾಸರಗೋಡು ಜಿಲ್ಲೆಗೆ ಇಳಿಯುವಲ್ಲಿ, ಪನತ್ತಡಿಯ ಸಮೀಪ, ಚಾರಣಪ್ರಿಯರಿಗೆ ಇಂದು ಸುಪರಿಚಿತವಾದ ರಾಣಿಪುರದ ಬೆಟ್ಟವಿದೆ.

ಕೆಳದಿಯ ನಾಯಕರು ಹೊಸದುರ್ಗದಲ್ಲಿ ಕೋಟೆಯನ್ನು ಕಟ್ಟಿಸಿ ಕರಾವಳಿಯನ್ನು ಆಳುತ್ತಿದ್ದ ಕಾಲದಲ್ಲಾಗಲಿ, 1799ರ ತರುವಾಯ ಈ ಸೀಮೆಯು ಕಂಪೆನಿ ಸರಕಾರದ ಕೆನರಾ ಜಿಲ್ಲೆಗೆ ಸೇರಿದ ಮೇಲಾಗಲಿ, ಘಟ್ಟದ ತಪ್ಪಲಿನ ಜನರಲ್ಲಿ ಅನೇಕರು ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಆ ಬೂದಿನೆಲದಲ್ಲಿ ಧಾನ್ಯವನ್ನು ಬಿತ್ತಿ, ಒಂದೆರಡು ಬೆಳೆಯ ಬಳಿಕ ಅದನ್ನು ಮರಳಿ ಕಾಡಿಗೇ ಒಪ್ಪಿಸಿ ಮುಂದೆ ಸಾಗುವ ಕುಮರಿ ಬೇಸಾಯದಿಂದ ಜೀವಿಸುತ್ತಿದ್ದರು. 1860ರಲ್ಲಿ ಮದರಾಸು ಸರಕಾರವು ಅದನ್ನು ನಿರ್ಬಂಧಿಸಲು, ಅವರ ಬಾಳಿನ ಕ್ರಮವೇ ಕದಲಿತು. ಶತಮಾನವೊಂದು ಕಳೆದ ಮೇಲೆ, ಮಾಡತ್ತುಮಲೆಯೆನಿಸಿಕೊಂಡಿದ್ದ ಈ ಬೆಟ್ಟದಲ್ಲಿ 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತವು ಕ್ರೈಸ್ತ ಕೃಷಿಕರನ್ನು ನೆಲೆಗೊಳಿಸಿತು. ರಾಣಿಯೆಂದು ಭಕ್ತರು ಕರೆಯುವ ಮೇರಿಮಾತೆಯ ಸ್ಮರಣಾರ್ಥವಾಗಿ ರಾಣಿಪುರವೆಂಬ ಅಭಿಧಾನವೂ ಪ್ರಾಪ್ತವಾಯಿತು.

ಮಳೆಗಾಲದಲ್ಲಿ ಇಲ್ಲಿ ಏರುವವನು ಕಾಲಿಗೆ ಉಪ್ಪನ್ನೋ ಸುಣ್ಣ ಹೊಗೆಸೊಪ್ಪನ್ನೋ ಸವರಿಕೊಂಡರೂ ತರಗೆಲೆಯಡಿಯ ಜಿಗಣೆಗಳು ಬಿಡವು. ಹಸುರುಕತ್ತಲೆಯ ಶೋಲಾಕಾಡು ಹಠಾತ್ತನೆ ಮುಗಿದು, ಸೊಂಟದೆತ್ತರದ ಹುಲ್ಲುಗಾವಲು ಗಾಳಿಗೆ ಅಲೆಯಲೆಯಾಗಿ ಬಾಗುತ್ತಿರುವುದು ಕಾಣುತ್ತದೆ. ದಾರಿಯಲ್ಲಿ ಬಿದ್ದಿರುವ ಹಸಿ ಲದ್ದಿಯು ಆನೆಗಳು ಹಾದುಹೋದುದನ್ನು ತಿಳಿಸುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯು ಕಾಸರಗೋಡನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಿತಾದರೂ, ತಲಕಾವೇರಿಯ ಕಾಡಿನಿಂದ ಇತ್ತ ಬರುವ ಆನೆಗಳಿಗೆ ರಾಜ್ಯದ ಗಡಿಯು ಗಡಿಯಲ್ಲ. ಆದುದರಿಂದ ಎರಡು ರಾಜ್ಯಗಳ ಈ ವನವನ್ನು ಅಖಂಡವೆಂದೇ ಭಾವಿಸಿ ರಕ್ಷಿಸುವುದೂ, ವಿಹಾರಕ್ಕೆ ಬಂದವರು ಇಲ್ಲಿ ಬಾಳಿದವರ ಚರಿತ್ರೆಯನ್ನು ಅರಿತು ನಡೆಯುವುದೂ ನಮ್ಮ ಕರ್ತವ್ಯವಾಗಿದೆ.